ಕಥೆಗೂ ಮೊದಲಿನ ಕಳವು

ಪತ್ತೇದಾರಿ ಕಥೆಗಳ ಹುಚ್ಚು ನನಗೆ ಹೈಸ್ಕೂಲಿನಲ್ಲೇ ಹತ್ತಿದ್ದು. ಎನ್. ನರಸಿಂಹಯ್ಯನವರ ಪುಸ್ತಕಗಳನ್ನು ಸಮಾಜಪಾಠದ ಪುಸ್ತಕದೊಳಗೆ ಅಡಗಿಸಿಟ್ಟು ಓದಿದ ತಲೆಮಾರು ನಮ್ಮದು. ಈಗ ಮನೆಗೆಲಸ ಮುಗಿಸಿ ಟೀವಿ ಮುಂದೆ ಕೂತರೆ ನನಗೆ ಬೇಕಾದ್ದು ಹಳೆಯ ಕಾಲದ ಇಂಗ್ಲಿಷ್ ಪತ್ತೇದಾರಿ ಧಾರಾವಾಹಿ. ಮಂಜು ಕವಿದ ಬೀದಿ, ಸಾರೋಟು, ಮೆಟ್ಟಿಲ ಮೇಲೆ ದೀಪ ಹಿಡಿದು ನಿಂತ ಕೆಲಸದಾಕೆ, ಬೆಳಗಾಗುವಷ್ಟರಲ್ಲಿ ಒಂದು ಹೆಣ. ಇಷ್ಟಿದ್ದರೆ ಸಾಕು, ಒಲೆಯ ಮೇಲಿನ ಹಾಲು ಉಕ್ಕಿದರೂ ನನಗೆ ಗೊತ್ತಾಗುವುದಿಲ್ಲ.

ಆದರೆ ದಿನಾ ಶೋಕೇಸಿನ ಧೂಳು ಒರೆಸುವವಳಾದ್ದರಿಂದಲೋ ಏನೋ, ಆ ಮನೆಗಳ ಸಾಮಾನುಗಳ ಮೇಲೂ ನನ್ನ ಕಣ್ಣು ಹೋಗುತ್ತದೆ. ಗೋಡೆಯ ಮೇಲೊಂದು ಹುಲಿಯ ತಲೆ, ಮೂಲೆಯಲ್ಲಿ ದಂತದ ಪೆಟ್ಟಿಗೆ, ಒರಗುಕುರ್ಚಿಯಲ್ಲಿ ಹಿಂದೂಸ್ತಾನದಿಂದ ನಿವೃತ್ತನಾಗಿ ಬಂದ ಕರ್ನಲ್ಲು. ಕೊಲೆ ಮಾಡಿದವರು ಯಾರು ಎಂದು ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಈ ಪೆಟ್ಟಿಗೆ ಇಲ್ಲಿಗೆ ಹೇಗೆ ಬಂತು ಎಂದು ಯಾರೂ ಕೇಳುವುದಿಲ್ಲ.

ಕೇಳಿದವನು ಒಬ್ಬನಿದ್ದಾನೆ, ಅದೂ ತೀರ ಹಿಂದೆಯೇ. ವಿಲ್ಕಿ ಕಾಲಿನ್ಸ್ 1868ರಲ್ಲಿ ಬರೆದ ‘ದಿ ಮೂನ್‌ಸ್ಟೋನ್’ ಇಂಗ್ಲಿಷಿನ ಮೊದಮೊದಲ ಪತ್ತೇದಾರಿ ಕಾದಂಬರಿಗಳಲ್ಲಿ ಒಂದು. ಬಿಬಿಸಿಯವರು ಅದನ್ನು ಒಂದಕ್ಕಿಂತ ಹೆಚ್ಚು ಸಲ ಧಾರಾವಾಹಿ ಮಾಡಿದ್ದಾರೆ, 1996ರಲ್ಲಿ ಒಮ್ಮೆ, 2016ರಲ್ಲಿ ಮತ್ತೊಮ್ಮೆ. ಆ ಇಂಗ್ಲಿಷ್ ಕಾದಂಬರಿ ಶುರುವಾಗುವುದು ಎಲ್ಲಿ ಅಂತೀರಿ? ನಮ್ಮ ಶ್ರೀರಂಗಪಟ್ಟಣದಲ್ಲಿ! 1799ರ ಮೇ 4ರಂದು ಟಿಪ್ಪು ಸತ್ತು ಕೋಟೆ ಬಿದ್ದ ಗಲಾಟೆಯಲ್ಲಿ ಹರ್ನ್‌ಕಾಸಲ್ ಎಂಬ ಸೇನಾಧಿಕಾರಿ ಕಾವಲಿನವರನ್ನು ಕೊಂದು ಒಂದು ಹಳದಿ ವಜ್ರ ಎತ್ತಿಕೊಳ್ಳುತ್ತಾನೆ. ವಜ್ರವೂ ಅವನೂ ಕಲ್ಪನೆ. ಸುತ್ತಲಿನ ಬೆಂಕಿ, ಹೆಣ, ಲೂಟಿ ಕಲ್ಪನೆಯಲ್ಲ.

ಸುಮಾರು ಐವತ್ತು ವರ್ಷದ ಮೇಲೆ, 1848ರಲ್ಲಿ, ಅವನ ಉಯಿಲಿನ ಪ್ರಕಾರ ಆ ವಜ್ರ ಸೋದರ ಸೊಸೆ ರೇಚಲ್ಲಳಿಗೆ ಹದಿನೆಂಟನೆಯ ಹುಟ್ಟುಹಬ್ಬದ ಉಡುಗೊರೆಯಾಗಿ ಬರುತ್ತದೆ. ಹುಡುಗಿ ಅದನ್ನು ಉಡುಪಿಗೆ ಸಿಕ್ಕಿಸಿಕೊಂಡು ಊಟಕ್ಕೆ ಕೂರುತ್ತಾಳೆ. ಅದೇ ರಾತ್ರಿ ವಜ್ರ ಮಾಯ. ಲಂಡನ್ನಿನಿಂದ ಸಾರ್ಜೆಂಟ್ ಕಫ್ ಬರುತ್ತಾನೆ. ಬಾಗಿಲಿನ ಒಣಗದ ಬಣ್ಣದ ಮೇಲೆ ಯಾರದೋ ಬಟ್ಟೆ ತಾಕಿದ ಗುರುತೊಂದರಿಂದ ಇಡೀ ಮನೆಯನ್ನು ಜಾಲಾಡಲು ಹೊರಡುವಷ್ಟು ಬುದ್ಧಿವಂತ. ಆದರೆ ಅವನಿಗೆ ಒಪ್ಪಿಸಿದ ಕೇಸು ಆ ಒಂದು ರಾತ್ರಿಯದು ಮಾತ್ರ. ಐವತ್ತು ವರ್ಷ ಹಿಂದಿನ ರಾತ್ರಿ ಯಾವ ಠಾಣೆಯ ಪುಸ್ತಕದಲ್ಲೂ ಇಲ್ಲ.

ಅನುಮಾನ ಬೀಳುವುದು ಯಾರ ಮೇಲೆ? ರೊಸಾನಾ ಎಂಬ ಕೆಲಸದ ಹುಡುಗಿಯ ಮೇಲೆ. ಹಿಂದೊಮ್ಮೆ ಕಳ್ಳತನ ಮಾಡಿ ಶಿಕ್ಷೆ ಅನುಭವಿಸಿ ಬಂದವಳು, ನೋಡಲೂ ಚೆಲುವೆಯಲ್ಲ. ವಜ್ರವನ್ನು ಅವಳು ಮುಟ್ಟಿಯೂ ಇರುವುದಿಲ್ಲ. ಕೊನೆಗೆ ಸಮುದ್ರದಂಡೆಯ ಹುದುಲಿಗೆ ಇಳಿದು ಪ್ರಾಣ ಬಿಡುತ್ತಾಳೆ. ಕೊಂದು ಕದ್ದ ಕರ್ನಲ್ಲು ಮಾತ್ರ ಸ್ವಂತ ಹಾಸಿಗೆಯಲ್ಲಿ ಸಾಯುತ್ತಾನೆ. ತಂಗಿ ಅವನಿಗೆ ಬಾಗಿಲು ಹಾಕಿಕೊಂಡಳು, ನಿಜ. ಅದಕ್ಕಿಂತ ದೊಡ್ಡ ಶಿಕ್ಷೆ ಅವನಿಗೆ ಆಗಲಿಲ್ಲ.

ನಿಜವಾದ ಶ್ರೀರಂಗಪಟ್ಟಣದ ಕಥೆಯೂ ಬೇರೆಯಲ್ಲ. ಮರುದಿನ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ಲೂಟಿ ನಿಲ್ಲಿಸಲು ಕೆಲವು ಸೈನಿಕರನ್ನು ಗಲ್ಲಿಗೇರಿಸಿದ. ಆಮೇಲೆ ಖಜಾನೆಯನ್ನು ಲೆಕ್ಕ ಹಾಕಿ, ಹುದ್ದೆಗೆ ತಕ್ಕಂತೆ ಕ್ರಮವಾಗಿ ಹಂಚಿಕೊಂಡರು. ಸೇನಾಪತಿ ಹ್ಯಾರಿಸ್‌ಗೆ ಸಿಕ್ಕಿದ್ದು 1,40,000 ಪೌಂಡಿಗೂ ಮಿಕ್ಕಿ. ಸಾಮಾನ್ಯ ಸಿಪಾಯಿಗೆ ಬೆರಳೆಣಿಕೆಯ ಪೌಂಡು. ಜೇಬಿಗೆ ಹಾಕಿಕೊಂಡವನು ಕಳ್ಳ. ಕಮಿಟಿ ಕೂತು, ರಸೀತಿ ಬರೆದು ಹಂಚಿಕೊಂಡರೆ ಅದು ಬಹುಮಾನ. ಟಿಪ್ಪುವಿನ ಚಿನ್ನದ ಸಿಂಹಾಸನವನ್ನು ಒಡೆದು ಚೂರು ಮಾಡಿದ್ದೂ ಈ ಹಂಚಿಕೆಗಾಗಿಯೇ. ಅದರ ಕಟಕಟೆಯ ಮೇಲಿದ್ದ ರತ್ನದ ಹುಲಿಮುಖಗಳಲ್ಲಿ ಒಂದಕ್ಕೆ ಬ್ರಿಟಿಷ್ ಸರ್ಕಾರ 2021ರಲ್ಲಿ ತಡೆ ಹಾಕಿತು. ಏಕೆ ಗೊತ್ತೇ? 15 ಲಕ್ಷ ಪೌಂಡಿನ ವಸ್ತು ದೇಶ ಬಿಟ್ಟು ಹೊರಗೆ ಹೋಗಬಾರದಂತೆ! ಓದಿ ನನಗೆ ಸಿಟ್ಟಿಗಿಂತ ಮೊದಲು ನಗು ಬಂತು.

ಕಾಲಿನ್ಸ್‌ನ ನಂತರ ಬಂದವರಿಗೆ ಈ ಚುರುಕು ಉಳಿಯಲಿಲ್ಲ. 1890ರ ‘ದಿ ಸೈನ್ ಆಫ್ ಫೋರ್’ ಎಂಬ ಷರ್ಲಾಕ್ ಹೋಮ್ಸ್ ಕಥೆಯಲ್ಲೂ ಒಂದು ಪೆಟ್ಟಿಗೆ ಒಡವೆ ಇದೆ. 1857ರ ದಂಗೆಯ ದಿನಗಳಲ್ಲಿ ಆಗ್ರಾ ಕೋಟೆಗೆ ಅದನ್ನು ತಂದ ಅಹಮದ್ ಎಂಬ ವ್ಯಾಪಾರಿ ವೇಷದವನನ್ನು ನಾಲ್ವರು ಸೇರಿ ಕೊಲ್ಲುತ್ತಾರೆ. ಒಡವೆ ಕೊನೆಗೆ ಥೇಮ್ಸ್ ನದಿಯ ಪಾಲಾದಾಗ ಡಾಕ್ಟರ್ ವಾಟ್ಸನ್‌ಗೆ ಎಲ್ಲಿಲ್ಲದ ಸಂತೋಷ. ಸಿರಿವಂತೆಯಾಗಿಬಿಡುತ್ತಿದ್ದ ಹುಡುಗಿಯನ್ನು ಈಗ ಸಂಕೋಚವಿಲ್ಲದೆ ಮದುವೆಯಾಗಬಹುದಲ್ಲ! ನನಗೂ ಆ ಮದುವೆ ಇಷ್ಟವೇ. ಆದರೆ ಅಹಮದನ ಮನೆಯಲ್ಲೂ ಒಬ್ಬಳು ಬಾಗಿಲು ನೋಡುತ್ತ ಕೂತಿದ್ದಿರಬೇಕು. ಅವಳಿಗೆ ಆ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ.

‘ಟಿಪ್ಪುವಿನ ಖಜಾನೆಯೇನು ಆಕಾಶದಿಂದ ಉದುರಿತ್ತೇ?’ ಎಂದು ನಮ್ಮ ಮನೆಯವರು ಕೇಳಿದರು. ಸರಿಯಾದ ಪ್ರಶ್ನೆ. ಕಾದಂಬರಿಯ ವಜ್ರವೂ ಮೊದಲು ಸೋಮನಾಥದ ಚಂದ್ರದೇವನ ಹಣೆಯಲ್ಲಿದ್ದು, ಕೈಯಿಂದ ಕೈಗೆ ಲೂಟಿಯಾಗುತ್ತಲೇ ಟಿಪ್ಪುವಿನ ಕಠಾರಿಗೆ ಬಂದು ಸೇರಿದ್ದು. ಆದರೂ ಕದ್ದವರ ಸಾಲು ಉದ್ದವಾದಷ್ಟೂ ಕೊನೆಯವರ ಭಾರ ಇಳಿಯುತ್ತದೆ ಎಂಬ ಲೆಕ್ಕ ನನಗೆ ಒಪ್ಪಿಗೆಯಾಗುವುದಿಲ್ಲ. ರೇಚಲ್ ಯಾರನ್ನೂ ಕೊಲ್ಲಲಿಲ್ಲ, ಕದಿಯಲಿಲ್ಲ. ಬೇಕೆಂದು ಕೇಳಲೂ ಇಲ್ಲ. ಹಾಗೆಂದು ಅವಳ ಎದೆಯ ಮೇಲೆ ಹೊಳೆದ ಕಲ್ಲು ಬೇರೆ ಕಲ್ಲಾಯಿತೇ? ತಪ್ಪು ಮಾಡದವರ ಕೈಗೆ ತಪ್ಪಿನ ಫಲ ಬಂದು ಸೇರಿದರೆ ಅವರು ಮಾಡಬೇಕಾದ್ದೇನು? ಕಾಲಿನ್ಸ್ ಕಾದಂಬರಿಯ ಕೊನೆಗೆ ವಜ್ರವನ್ನು ಸೋಮನಾಥಕ್ಕೇ ತಲುಪಿಸಿಬಿಡುತ್ತಾನೆ. ಹುಡುಕಿ ಬರುವ ಮೂವರು ಬ್ರಾಹ್ಮಣರು ಅವನ ಕೈಯಲ್ಲಿದ್ದರು. ಎಲ್ಲರ ಮನೆಗೂ ಹಾಗೆ ಹುಡುಕಿಕೊಂಡು ಬರುವವರಿರುವುದಿಲ್ಲ.

ನನ್ನ ಅತ್ತೆಯವರು ನನಗೆ ಕೊಟ್ಟ ಒಂದು ವಂಕಿ ಇದೆ. ಕೆಂಪು ಕಲ್ಲಿನದು, ಭಾರಿ ಕೆಲಸದ್ದು. ‘ಯಾರು ಮಾಡಿಸಿದ್ದು ಅತ್ತೆ?’ ಎಂದು ಕೇಳಿದ್ದೆ. ‘ಮಾಡಿಸಿದ್ದಲ್ಲ ಕಣೇ. ಬರಗಾಲದಲ್ಲಿ ಯಾವಳೋ ನಿಮ್ಮ ಮಾವನ ತಂದೆಯ ಹತ್ತಿರ ಅಡವಿಟ್ಟು ರಾಗಿ ಒಯ್ದಳಂತೆ. ಬಿಡಿಸಿಕೊಳ್ಳಲಿಕ್ಕೆ ಬರಲೇ ಇಲ್ಲ’ ಎಂದಿದ್ದರು. ಇದು ಕಳವಲ್ಲ, ಕಾಗದಪತ್ರವೆಲ್ಲ ಸರಿಯಾಗಿಯೇ ಇದ್ದಿರಬೇಕು. ಶ್ರೀರಂಗಪಟ್ಟಣದಲ್ಲೂ ಸರಿಯಾಗಿಯೇ ಇತ್ತು.

ಆ ಕಾದಂಬರಿಯಲ್ಲಿ ಹರ್ನ್‌ಕಾಸಲ್‌ನ ದಾಯಾದಿಯೊಬ್ಬನಿದ್ದಾನೆ. ರುಜುವಾತಿಲ್ಲವೆಂದು ಅವನು ಹೊರಗೆ ಬಾಯಿ ಬಿಡುವುದಿಲ್ಲ. ಆದರೆ ತಾನು ಕಂಡದ್ದನ್ನು ಮನೆಯವರಿಗಾಗಿ ಒಂದು ಕಾಗದದಲ್ಲಿ ಬರೆದಿಡುತ್ತಾನೆ. ಕಾದಂಬರಿ ತೆರೆದುಕೊಳ್ಳುವುದೇ ಆ ಕಾಗದದಿಂದ. ಕಳೆದ ವರ್ಷ ಮಗಳ ಮದುವೆಗೆ ಒಡವೆ ತೆಗೆದಾಗ ನಾನೂ ಒಂದು ಚೀಟಿ ಬರೆದು ವಂಕಿಯ ಡಬ್ಬಿಯಲ್ಲಿಟ್ಟೆ. ರಾಗಿ, ಬರಗಾಲ, ಬಾರದೆ ಹೋದ ಹೆಂಗಸು, ಇಷ್ಟೇ. ಮಗಳು ಎರಡು ಸಲ ಓದಿ, ‘ಅವಳ ಹೆಸರು ಬರೆದಿಲ್ಲವಲ್ಲಮ್ಮಾ’ ಎಂದಳು.

‘ನಿಮ್ಮಜ್ಜಿಗೂ ಗೊತ್ತಿರಲಿಲ್ಲ’ ಎಂದೆ.