ಒರಟು ಮುದ್ರಣ ಮತ್ತು ಕೇಳುಗನ ತೀರ್ಪು

ಅಮೆರಿಕದ ವಾಷಿಂಗ್ಟನ್ ಡಿ.ಸಿ.ಯ ಪಂಕ್ ತಂಡ ಬ್ಯಾಡ್ ಬ್ರೈನ್ಸ್ 1979ರಲ್ಲಿ, ವರ್ಜೀನಿಯಾದ ಆರ್ಲಿಂಗ್ಟನ್‌ನಲ್ಲಿದ್ದ ಒಂದು ಮನೆಯ ಸ್ಟುಡಿಯೊದಲ್ಲಿ ತನ್ನ ಆರಂಭದ ಹಾಡುಗಳನ್ನು ಧ್ವನಿಮುದ್ರಿಸಿಕೊಂಡಿತು. ‘ಬ್ಲ್ಯಾಕ್ ಡಾಟ್ಸ್’ ಎಂಬ ಹೆಸರಿನಲ್ಲಿ ಅವು ಹೊರಬಂದದ್ದು 1996ರಲ್ಲಿ. ಅಷ್ಟರಲ್ಲಾಗಲೇ ತಂಡದ 1982ರ ಕ್ಯಾಸೆಟ್ ಆಲ್ಬಂ ಕೇಳುಗರ ಮನಸ್ಸಿನಲ್ಲಿ ಬೇರೂರಿತ್ತು. ಅದರಲ್ಲಿ ವೇಗ ಹೆಚ್ಚು. ಬಿರುಸಿನ ಹಾಡುಗಳ ನಡುವೆ ರಾಸ್ತಫಾರಿ ಎಂಬ ಧಾರ್ಮಿಕ ನಂಬಿಕೆಯ ರೆಗೆ ಹಾಡುಗಳೂ ಬರುತ್ತವೆ.

1979ರ ಧ್ವನಿಮುದ್ರಣವೇ ತಂಡದ ನಿಜರೂಪ ಎಂಬುದು ಒಂದು ಅಭಿಪ್ರಾಯ, ಅದು ಬರೀ ಕರಡು ಎಂಬುದು ಇನ್ನೊಂದು. ಎರಡೂ ಕಡೆಯವರು ಎರಡು ಬೇರೆ ಪ್ರಶ್ನೆಗಳನ್ನು ಬೆರೆಸುತ್ತಾರೆ: ಹಾಡು ಎಲ್ಲಿಂದ ಹುಟ್ಟಿತು, ಹಾಡು ಚೆನ್ನಾಗಿದೆಯೇ? ಮೊದಲು ಹುಟ್ಟಿದ್ದೆಂಬ ಒಂದೇ ಕಾರಣಕ್ಕೆ ಯಾವುದೂ ಶ್ರೇಷ್ಠವಾಗದು.

ಹಾಗಾದರೆ ಇದು ಅವರವರ ರುಚಿಗೆ ಬಿಟ್ಟದ್ದೇ? ರುಚಿಯ ಬಗೆಗಿನ ತನ್ನ 1757ರ ಪ್ರಬಂಧದಲ್ಲಿ ತತ್ವಜ್ಞಾನಿ ಡೇವಿಡ್ ಹ್ಯೂಮ್ ಒಳ್ಳೆಯ ವಿಮರ್ಶಕನಿಗೆ ಅಭ್ಯಾಸ, ಹೋಲಿಕೆ, ಪೂರ್ವಗ್ರಹವಿಲ್ಲದ ಮನಸ್ಸು ಬೇಕೆಂದ. 1790ರಲ್ಲಿ ಇನ್ನೊಬ್ಬ ತತ್ವಜ್ಞಾನಿ ಕಾಂಟ್, ಸುಂದರ ಎನ್ನುವವನು ಎಲ್ಲರ ಒಪ್ಪಿಗೆಯನ್ನೂ ನಿರೀಕ್ಷಿಸುತ್ತಾನೆ ಎಂದ. ಪಂಕ್ ವಿಷಯದಲ್ಲಿ ಹ್ಯೂಮ್ ಹೆಚ್ಚು ಉಪಯುಕ್ತ, ಏಕೆಂದರೆ ಅವನು ಹೋಲಿಸಿ ನೋಡಲು ಹೇಳುತ್ತಾನೆ. ಕ್ಯಾಸೆಟ್ ಮೊದಲು ಕೇಳಿದವನಿಗೆ 1979ರ ಹಾಡುಗಳು ನಿಧಾನವೆನಿಸುತ್ತವೆ. ಆ ನಿಧಾನದಲ್ಲೇ ಗಿಟಾರಿನ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೆ. ಇದು ಹಾಡಿನೊಳಗಿನ ಗುಣ, ಕಿವಿಗೊಟ್ಟ ಯಾರಿಗಾದರೂ ತೋರಿಸಿಕೊಡಬಹುದಾದದ್ದು. ಒರಟುತನವೇ ಪ್ರಾಮಾಣಿಕತೆ ಎಂಬ ಮಾತನ್ನು ಮಾತ್ರ ಹೀಗೆ ತೋರಿಸಲಾಗದು: ಒರಟುತನಕ್ಕೆ ಕಡಿಮೆ ಹಣವೂ ಇಕ್ಕಟ್ಟಾದ ಕೋಣೆಯೂ ಕಾರಣವಾಗಬಹುದು.