ಕಾಣದ ನೀರಿನ ಹಂಗು

ನೀರನ್ನು ಹಿತಮಿತವಾಗಿ ಬಳಸಬೇಕೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಮದ್ರಸಾದಲ್ಲಿ ವುಜೂವಿನ ಪಾಠ ಹೇಳುವಾಗ, ಹರಿಯುವ ನದಿಯ ದಂಡೆಯಲ್ಲಿ ಕುಳಿತಿದ್ದರೂ ನೀರು ಪೋಲು ಮಾಡಬಾರದೆಂಬ ಪ್ರವಾದಿವರ್ಯರ (ಸ) ಎಚ್ಚರಿಕೆಯನ್ನು ಉಸ್ತಾದರು ತಪ್ಪದೆ ನೆನಪಿಸುತ್ತಾರೆ. ಶಾಲೆಯಲ್ಲಿ ಪರಿಸರ ದಿನದಂದು ತೊಟ್ಟಿಕ್ಕುವ ನಲ್ಲಿಯ ಚಿತ್ರ ಬಿಡಿಸಿ ಕೆಳಗೊಂದು ಘೋಷಣೆ ಬರೆಸುತ್ತಾರೆ. ಒಳ್ಳೆಯದೇ. ಆದರೆ ಎರಡೂ ಪಾಠಗಳು ನಲ್ಲಿಯ ಬಾಯಿಂದಲೇ ಶುರುವಾಗುತ್ತವೆ. ಆ ನೀರು ಯಾವ ನೆಲದ ಮೇಲೆ ಮಳೆಯಾಗಿ ಬಿದ್ದಿತ್ತು, ಆ ನೆಲದ ಗತಿ ಈಗ ಏನು ಎಂಬುದು ಪಾಠದಲ್ಲಿಲ್ಲ. ಕಣ್ಣಿಗೆ ಕಾಣದ್ದರ ಬಗ್ಗೆಯೂ ಮನುಷ್ಯನಿಗೆ ಹೊಣೆ ಇದೆಯೇ? ತಿಳಿಯದೆ ಕೆಡಿಸಿದವನು ತಪ್ಪಿತಸ್ಥನೇ?

ಈ ಪ್ರಶ್ನೆಯನ್ನು ಗಾಳಿಯಲ್ಲಿ ಕೇಳುವ ಬದಲು ಬೀದರಿನಲ್ಲಿ ಕೇಳೋಣ. ಆ ಊರು ಕೂತಿರುವುದು ಜಂಬಿಟ್ಟಿಗೆಯ ಎತ್ತರದ ಬಯಲಿನ ಮೇಲೆ. ಜಂಬಿಟ್ಟಿಗೆ ಎಂದರೆ ತೂತು ತೂತಾದ ಕೆಂಪು ಕಲ್ಲು. ಮಳೆ ನೀರನ್ನು ಹೀರಿ ಒಳಗೆ ಬಿಡುತ್ತದೆ. ಅದರಡಿಯ ಕಪ್ಪು ಕಲ್ಲು ನೀರನ್ನು ಅಷ್ಟು ಸುಲಭವಾಗಿ ಇಳಿಯಗೊಡುವುದಿಲ್ಲ. ಹಾಗಾಗಿ ಎರಡು ಕಲ್ಲುಗಳು ಸೇರುವಲ್ಲಿ ನೀರು ನಿಂತು, ಬಯಲಿನ ಅಂಚಿನಲ್ಲಿ ಒರತೆಯಾಗಿ ಹೊರಬರುತ್ತದೆ. ಗುರುನಾನಕ್ ಝೀರಾದಲ್ಲಿ ಸಿಖ್ಖರು ಭಕ್ತಿಯಿಂದ ಕುಡಿಯುವ ನೀರು, ಝರಣಿ ನರಸಿಂಹನ ದರ್ಶನಕ್ಕೆ ಭಕ್ತರು ಎದೆಮಟ್ಟ ಇಳಿದು ನಡೆಯುವ ಗುಹೆಯ ನೀರು, ಪಾಪನಾಶ ಶಿವನ ಸನ್ನಿಧಿಯ ನೀರು, ಬಹಮನಿಗಳ ಕಾಲದಲ್ಲಿ ಪರ್ಷಿಯಾದ ವಿದ್ಯೆ ತಂದು ನೆಲದಡಿಯಲ್ಲಿ ಕೊರೆದ ಕರೇಜಿನ ನೀರು, ಎಲ್ಲದಕ್ಕೂ ಆ ಕೆಂಪು ಕಲ್ಲೇ ತಾಯಿ. ಮೇಲೆ ಬಿದ್ದ ಮಳೆಗೆ ತಾನು ಯಾರ ತೀರ್ಥವಾಗಲಿದ್ದೇನೆಂದು ಗೊತ್ತಿರುವುದಿಲ್ಲ.

ಕರೇಜನ್ನು ಸ್ಥಳೀಯರು ಸುರಂಗ ಬಾವಿ ಎನ್ನುತ್ತಾರೆ. ಎತ್ತರದಲ್ಲೊಂದು ತಾಯಿಬಾವಿ, ಅಲ್ಲಿಂದ ಇಳಿಜಾರಿಗೆ ತಕ್ಕಂತೆ ನೆಲದೊಳಗೆ ಕಾಲುವೆ, ಗಾಳಿ ಬೆಳಕಿಗೆ, ಹೂಳು ತೆಗೆಯಲಿಕ್ಕೆ ಅಲ್ಲಲ್ಲಿ ಬಾಯಿಗಳು. ನೌಬಾದಿನ ಕರೇಜಿಗೆ ಇಂಥ 20ಕ್ಕೂ ಹೆಚ್ಚು ಬಾಯಿಗಳಿವೆ. ಏತವಿಲ್ಲ, ಎತ್ತಿಲ್ಲ, ಈಗಿನಂತೆ ಕರೆಂಟೂ ಬೇಕಿಲ್ಲ. ಕಾಲಾಂತರದಲ್ಲಿ ಜನ ಇದನ್ನು ಮರೆತರು. ಬಾಯಿಗಳು ಕಸದ ಗುಂಡಿಗಳಾದವು, ಕೆಲವು ಮುಚ್ಚಿಯೇ ಹೋದವು. 2010ರ ದಶಕದಲ್ಲಿ ಕೇರಳದ ಭೂಗೋಳ ಅಧ್ಯಾಪಕ ವಿ. ಗೋವಿಂದನ್‌ಕುಟ್ಟಿ ಮತ್ತಿತರರು ನಕ್ಷೆ ಮಾಡಿದ ಮೇಲೆ, ಜಿಲ್ಲಾಡಳಿತ ಹೂಳು ತೆಗೆಸಿದ ಮೇಲೆ, ಊರಿಗೆ ತನ್ನ ಕಾಲಡಿಯ ನೀರು ನೆನಪಾಯಿತು. 2020ರ ವರ್ಲ್ಡ್ ಮಾನ್ಯುಮೆಂಟ್ಸ್ ವಾಚ್ ಪಟ್ಟಿಗೆ ದಖ್ಖನ್ನಿನ ಐತಿಹಾಸಿಕ ನೀರಿನ ವ್ಯವಸ್ಥೆಗಳೂ ಸೇರಿದವು. (ಹೊರಗಿನವರು ಬಂದು ಹೇಳಿದ ಮೇಲೆಯೇ ನಮ್ಮ ಮನೆಯ ಪಾತ್ರೆ ಚಿನ್ನದ್ದೆಂದು ನಮಗೆ ಗೊತ್ತಾಗುವುದು. ಇರಲಿ.)

ಆ ಬಾಯಿಗೆ ಕಸ ಸುರಿದವನು ಪಾಪಿಯಲ್ಲ. ಅವನಿಗೆ ಅದು ಬರೀ ಹಳೆಯ ಗುಂಡಿ. ಅದು ಒಂದು ಹಳ್ಳ, ಅದರ ನೀರು ಕುಡಿಯುವವರು ಆಚೆ ಕಡೆ ಇದ್ದಾರೆ ಎಂದು ಹೇಳುವವರೇ ಇರಲಿಲ್ಲ. ಆದರೆ ಒಮ್ಮೆ ಹೇಳಿದ ಮೇಲೆ ಆ ನೆಪ ಉಳಿಯುವುದಿಲ್ಲ. ಜನಶಿಕ್ಷಣ ಎಂದರೆ ಇದೇ. ಅದು ಮಾಹಿತಿ ಕೊಡುವುದರ ಜೊತೆಗೆ ಕೇಳಿದವನ ಹೆಗಲಿಗೆ ಒಂದು ಭಾರವನ್ನೂ ದಾಟಿಸುತ್ತದೆ. ಹಾಗಾದರೆ ಆ ಭಾರ ಯಾರ ಹೆಗಲಿಗೆ ಬೀಳುತ್ತಿದೆ ಎಂದು ನೋಡಬೇಡವೇ?

ಇಸ್ಲಾಮಿ ನ್ಯಾಯಶಾಸ್ತ್ರದಲ್ಲಿ ‘ಹರೀಮ್’ ಎಂಬ ಮಾತಿದೆ. ಹರಾಮ್, ಹರಮ್ ಪದಗಳ ಬೇರೇ ಇದಕ್ಕೂ. ಬಾವಿಯ ಸುತ್ತ ಇಂತಿಷ್ಟು ನೆಲದಲ್ಲಿ ಇನ್ನೊಬ್ಬ ಬಾವಿ ತೋಡುವಂತಿಲ್ಲ. ಹನಫೀ ಗ್ರಂಥಗಳು ಜಾನುವಾರು ಕುಡಿಯುವ ಬಾವಿಗೆ 40 ಮೊಳ, ಒರತೆಗೆ 500 ಮೊಳ ಎಂದು ಲೆಕ್ಕ ಹೇಳುತ್ತವೆ. ಫಕೀಹರು ಅಳೆದದ್ದು ನೀರಿನ ಬಾಯಿಯ ಸುತ್ತ, ಅವರ ಕಾಲದ ತಿಳಿವಳಿಕೆಗೆ ತಕ್ಕಂತೆ. ನೀರು ಮೈಲುಗಟ್ಟಲೆ ದೂರದ ಬಯಲಿನಿಂದ ಇಂಗಿ ಬರುತ್ತದೆಂದು ತಿಳಿದಿರುವ ನಮಗೆ ಹರೀಮಿನ ಗಡಿ ಎಲ್ಲಿರಬೇಕು? ಇಡೀ ಜಲಾನಯನವೇ ಹರೀಮ್ ಎನ್ನುವುದು ನಮ್ಮ ಅಭಿಪ್ರಾಯ. ಮೊಳದ ಲೆಕ್ಕ ಹಿಡಿದು ವಾದಿಸುವವರು, ಆ ಲೆಕ್ಕ ಯಾತಕ್ಕೆಂಬುದನ್ನೂ ಕೇಳಿಕೊಳ್ಳಲಿ.

ತೊಡಕಿರುವುದು ಇಲ್ಲೇ. ಆ ಬಯಲಿನಲ್ಲಿ ಸಾಲ ಸೋಲ ಮಾಡಿ ಮೂವತ್ತು ನಲವತ್ತರ ಸೈಟು ಕೊಂಡ ಮೆಕ್ಯಾನಿಕ್‌ನಿಗೆ, ‘ನೀನು ಮನೆ ಕಟ್ಟಿದರೆ ಕೆಳಗಿನ ಒರತೆ ಸಾಯುತ್ತದೆ’ ಎಂದು ಜಾಗೃತಿ ಶಿಬಿರದಲ್ಲಿ ಹೇಳಿದರೆ ಅವನೇನು ಮಾಡಬೇಕು? ಬಡಾವಣೆಯ ನಕ್ಷೆಗೆ ಸಹಿ ಹಾಕಿದವರು ಆ ಶಿಬಿರಕ್ಕೆ ಬಂದಿರುವುದಿಲ್ಲ. ಕೆಳಗೆ ಕೂತು ನೀರು ಕುಡಿಯುವ ನಾವು ಅವನ ನಷ್ಟದಲ್ಲಿ ಪಾಲು ತೆಗೆದುಕೊಳ್ಳುತ್ತೇವೆಂದೂ ಹೇಳಿರುವುದಿಲ್ಲ. ನೀರಿನಲ್ಲಿ ಎಲ್ಲರೂ ಪಾಲುದಾರರು ಎಂಬ ಹದೀಸನ್ನು ನಾವು ನಮ್ಮ ಪಾಲು ಕೇಳಲಿಕ್ಕೇ ಉದ್ಧರಿಸುತ್ತೇವೆ.

2001ರಿಂದ 2009ರವರೆಗೆ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ನಡೆದ ಸುಜಲ ಜಲಾನಯನ ಯೋಜನೆ ಊರಿನವರನ್ನು ಕೂರಿಸಿಕೊಂಡೇ ಯೋಜನೆ ಹಾಕಿಸಿತು. ಜಲಾನಯನದ ಕೆಲಸದಲ್ಲಿ ಗುಡ್ಡದ ನೆತ್ತಿಯಿಂದ ಶುರುಮಾಡಿ ಕಣಿವೆಗೆ ಇಳಿಯಬೇಕೆಂಬುದು ಮೊದಲ ನಿಯಮ. ಮೇಲೆ ಬದು ಹಾಕದೆ ಕೆಳಗೆ ಕಟ್ಟೆ ಕಟ್ಟಿದರೆ ಹೂಳೇ ತುಂಬುತ್ತದೆ. ಪಾಠವನ್ನೂ ಅದೇ ಕ್ರಮದಲ್ಲಿ ಹೇಳಬಾರದೇಕೆ? ಮೊದಲ ಪಾಠ ನಗರ ಯೋಜನೆಯ ಕಚೇರಿಗೆ, ಭೂಮಿ ತುಂಡರಿಸಿ ಮಾರುವವರಿಗೆ, ಮಸೀದಿ, ದೇವಸ್ಥಾನ, ಗುರುದ್ವಾರದ ಆಡಳಿತ ಸಮಿತಿಗಳಿಗೆ. ಆಮೇಲೆ ಮೆಕ್ಯಾನಿಕ್‌ನ ಮನೆ ಬಾಗಿಲಿಗೆ ಹೋಗೋಣ, ಅವನ ಮಳೆನೀರಿನ ಇಂಗುಗುಂಡಿಗೆ ತಗಲುವ ಖರ್ಚಿನಲ್ಲಿ ನಮ್ಮ ಪಾಲನ್ನು ಕೈಯಲ್ಲಿ ಹಿಡಿದುಕೊಂಡು.