ತನ್ನ ದನಿಗೆ ತಾನೇ ಕಿವುಡಾಗದಂತೆ

ನವಿ ಮುಂಬಯಿಯ ಕಾಮೋಠೆಯಲ್ಲಿ ಎತ್ತರದ ತಾರಸಿಯ ಮೇಲೆ ನಿಂತು ಉತ್ತರಕ್ಕೆ ಮುಖ ಮಾಡಿದರೆ ಖಾರ್ಘರ್ ಗುಡ್ಡಗಳು. ಅದರಾಚೆ ಡೊಂಬಿವಲಿ, ಕಲ್ಯಾಣ. ಮಳೆಗಾಲದಲ್ಲಿ ಆ ಗುಡ್ಡ ಕಣ್ಣಿಗೆ ತಂಪು. ಆದರೆ ಐದು ವಾಟಿನ ವಾಕಿಟಾಕಿ ಹಿಡಿದ ಹ್ಯಾಂ ರೇಡಿಯೊ ಹವ್ಯಾಸಿಗೆ ಅದೊಂದು ಗೋಡೆ. ಹ್ಯಾಂಗಳು ಬಳಸುವ ಎರಡು ಮೀಟರ್ ಅಲೆಗಳು ನೆಟ್ಟಗೆ ಸಾಗುತ್ತವೆ, ಗುಡ್ಡವನ್ನು ಬಳಸಿ ಹೋಗಲಾರವು. ಈಚೆಯ ಮಾತು ಆಚೆಗೆ ಮುಟ್ಟಬೇಕಾದರೆ ಎತ್ತರದಲ್ಲಿ ಯಾರಾದರೂ ಅದನ್ನು ಕೇಳಿಸಿಕೊಂಡು ಮತ್ತೊಮ್ಮೆ ಹೇಳಬೇಕು. ಆ ಕೆಲಸ ಮಾಡುವ ಯಂತ್ರವೇ ರಿಪೀಟರ್.

ಹ್ಯಾಂಗಳು ಇದನ್ನು ಹಲವು ಸಲ ಕಟ್ಟುವುದು ಬೇರೆಯವರು ಕೈಬಿಟ್ಟ ಸಾಮಾನಿನಿಂದ. ಮೊಬೈಲ್ ಬರುವ ಮುನ್ನ ಕಾರ್ಖಾನೆಗಳಲ್ಲಿ, ಕಾವಲು ಕಚೇರಿಗಳಲ್ಲಿ ಬೇಸ್ ಸ್ಟೇಷನ್‌ಗಳಿದ್ದವು. ಮೇಜಿನ ಮೇಲೆ ಕೂತು ಅಪ್ಪಣೆ ಕೊಡುತ್ತಿದ್ದ ಪೆಟ್ಟಿಗೆಗಳು. ಮೊಟೊರೋಲಾ ಜಿಎಂ300ನಂಥ ಎರಡು ಹಳೆಯ ಸೆಟ್ಟು ಸಿಕ್ಕರೆ ಒಂದು ಕಿವಿಯಾಗುತ್ತದೆ, ಇನ್ನೊಂದು ಬಾಯಿ. 146ರಿಂದ 174 ಮೆಗಾಹರ್ಟ್ಸ್‌ಗೆಂದು ಹುಟ್ಟಿದ ಸೆಟ್ಟನ್ನು ಹ್ಯಾಂಗಳ ಪಾಲಿನ 144–146ಕ್ಕೆ ಒಗ್ಗಿಸಬೇಕು. ಹೊಸ ಚಾನೆಲ್ ತುಂಬಲು ಹಳೆಯ ಡಾಸ್ ಕಂಪ್ಯೂಟರ್ ಹುಡುಕಬೇಕು. ಕಚೇರಿಯಲ್ಲಿ ಎರಡು ಮಾತಾಡಿ ತಣ್ಣಗಾಗುತ್ತಿದ್ದ ಸೆಟ್ಟು ಇನ್ನು ಬಿಡುವಿಲ್ಲದೆ ದುಡಿಯುತ್ತದಾದ್ದರಿಂದ ಶಕ್ತಿ ತಗ್ಗಿಸಿ, ಫ್ಯಾನ್ ಕೂರಿಸಬೇಕು. ಸರ್ಕಾರದ ಪರವಾನಗಿಯೂ ಬೇಕು.

ಇಷ್ಟೆಲ್ಲ ಆದಮೇಲೆ ನಿಜವಾದ ಪರೀಕ್ಷೆ. ಬೇಸ್ ಸ್ಟೇಷನ್ ಮಾತಾಡುವಾಗ ಕೇಳುವುದಿಲ್ಲ, ಕೇಳುವಾಗ ಮಾತಾಡುವುದಿಲ್ಲ. ರಿಪೀಟರ್ ಎರಡನ್ನೂ ಒಂದೇ ಗಳಿಗೆಯಲ್ಲಿ, ಸಾಮಾನ್ಯವಾಗಿ ಒಂದೇ ಆಂಟೆನಾದಲ್ಲಿ ಮಾಡಬೇಕು. ಕೇಳುವ ಕಂಪನಾಂಕಕ್ಕೂ ಹೇಳುವ ಕಂಪನಾಂಕಕ್ಕೂ ಅಂತರ ಬರೀ 600 ಕಿಲೋಹರ್ಟ್ಸ್. ತನ್ನ ದನಿ ಹತ್ತಿಪ್ಪತ್ತು ವಾಟಿನದು. ದೂರದಿಂದ ಬರುವ ದನಿ ಒಂದು ಮೈಕ್ರೋವೋಲ್ಟಿಗೂ ಕಡಿಮೆ. ಜಾತ್ರೆಯಲ್ಲಿ ತಮಟೆ ಬಡಿಯುತ್ತಿರುವವನೇ ಆಚೆ ಬೀದಿಯ ಮಗುವಿನ ಅಳುವನ್ನೂ ಕೇಳಿಸಿಕೊಳ್ಳಬೇಕಾದ ಹಾಗೆ. ಏನೂ ಮಾಡದೆ ಬಿಟ್ಟರೆ ರಿಪೀಟರ್ ತನ್ನ ದನಿಗೆ ತಾನೇ ಕಿವುಡಾಗುತ್ತದೆ.

ಅದನ್ನು ತಪ್ಪಿಸುವುದು ಡ್ಯೂಪ್ಲೆಕ್ಸರ್. ಅರ್ಧ ಮೀಟರಿಗೂ ಮಿಕ್ಕ ಎತ್ತರದ ಲೋಹದ ಕೊಳವೆಗಳ ಸಾಲು ಅದು. ತಂಬೂರಿಗೆ ಶ್ರುತಿ ಕೂಡಿಸುವಂತೆ ಒಂದೊಂದು ಕೊಳವೆಯೊಳಗಿನ ಕಡ್ಡಿಯನ್ನೂ ಕೂದಲೆಳೆಯಷ್ಟು ಸರಿಸುತ್ತ ಹೊಂದಿಸಬೇಕು. ಕಟ್ಟುವವರ ತಾಳ್ಮೆಯೆಲ್ಲ ಖರ್ಚಾಗುವುದು ಇಲ್ಲೇ. ದನಿ ಹೆಚ್ಚಿಸುವುದಕ್ಕಲ್ಲ, ಕಿವಿ ಕಾಯುವುದಕ್ಕೆ.

ನಮ್ಮ ಬೆಂಗಳೂರಿನಲ್ಲಿ ಇಸ್ರೊ ರೂಪಿಸಿದ ಹ್ಯಾಂಸ್ಯಾಟ್ ಇಂಥದೇ ಕೆಲಸವನ್ನು ಆಕಾಶದಲ್ಲಿ ಮಾಡಿತು. 2005ರ ಮೇ 5ರಂದು ಶ್ರೀಹರಿಕೋಟಾದಿಂದ ಹಾರಿದ ಆ ಪುಟ್ಟ ಉಪಗ್ರಹ 435 ಮೆಗಾಹರ್ಟ್ಸ್ ಸುಮಾರಿನಲ್ಲಿ ಕೇಳಿಸಿಕೊಂಡು 145ರ ಸುಮಾರಿನಲ್ಲಿ ಹೇಳುತ್ತಿತ್ತು. ಕಿವಿಯನ್ನು ಬಾಯಿಂದ ಅಷ್ಟು ದೂರ ಇಟ್ಟುಕೊಂಡು 2014ರವರೆಗೆ ದೇಶದೇಶಗಳ ಹವ್ಯಾಸಿಗಳ ಮಾತು ಸಾಗಿಸಿತು. ಅದು ಮೇಲೇರಿದ ವರ್ಷವೇ, ಜುಲೈ 26ರಂದು, ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಫೋನುಗಳು ಮೂಕವಾದವು. ಮನೆಗೆ ಬಾರದವರ ದಾರಿ ಕಾಯುತ್ತ ಇಡೀ ರಾತ್ರಿ ಎಚ್ಚರವಿದ್ದ ಊರು ಇದು. ಬ್ಯಾಟರಿಯ ಮೇಲೆ ನಡೆಯುವ ಒಂದು ಹಳೆಯ ಪೆಟ್ಟಿಗೆ ಗುಡ್ಡದ ಮೇಲಿದ್ದರೆ ಅದರ ಬೆಲೆ ಏನೆಂದು ಆ ರಾತ್ರಿ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನೊಬ್ಬರ ಪರವಾಗಿ ಮಾತಾಡುವವರು ನಮ್ಮಲ್ಲಿ ಎಷ್ಟೋ ಮಂದಿ. ಮನೆಯ ಹಿರಿಯರು, ಸಂಘದ ಪದಾಧಿಕಾರಿಗಳು, ಜನಪ್ರತಿನಿಧಿಗಳು, ಬರೆಯುವ ನಾವು. ದನಿ ಗಟ್ಟಿಯಾದಷ್ಟೂ ನಮಗೆ ನಮ್ಮದೇ ಕೇಳಿಸುವ ಅಪಾಯ ಹೆಚ್ಚು. ಯಾರಿಗಾಗಿ ಬಾಯಿ ತೆರೆದೆವೋ ಅವರ ದನಿ ಅಲ್ಲೇ ಮುಳುಗುತ್ತದೆ. ಮಾತಿಗೆ ಮಾಡಿಕೊಳ್ಳುವ ಸಿದ್ಧತೆಯ ಅರ್ಧದಷ್ಟನ್ನಾದರೂ ಕಿವಿಗೆ ಮಾಡಿಕೊಳ್ಳಬೇಕು.

ರಿಪೀಟರ್ ತನ್ನದೆಂದು ಹೇಳಿಕೊಳ್ಳುವುದು ತನ್ನ ಕರೆಸಂಕೇತವೊಂದನ್ನೇ. ಆಗೀಗ, ಮೋರ್ಸ್‌ನ ಚುಕ್ಕೆ-ಗೆರೆಗಳಲ್ಲಿ. ಉಳಿದ ಹೊತ್ತೆಲ್ಲ ಅದರ ಬಾಯಲ್ಲಿರುವುದು ಗುಡ್ಡದಾಚೆಯವರ ಮಾತು.